ಅನ್ನ ಬೀಳುವ ಜಾಗ

ಗುಂಡ್ಲುಪೇಟೆಯಲ್ಲಿ ಪಿಂಗಾಣಿ ದೊಡ್ಡಯ್ಯನ ಮನೆ ಯಾವುದು ಎಂದು ಕೇಳಿದರೆ ಊಟಿ ರಸ್ತೆಯ ಟೀ ಅಂಗಡಿಯವನು ಮೊದಲು ನಿಮ್ಮ ಕೈ ನೋಡುತ್ತಾನೆ. ಕೈಯಲ್ಲಿ ಪಾತ್ರೆ ಇದ್ದರೆ ದಾರಿ ಹೇಳುತ್ತಾನೆ. ಬರಿಗೈಯಲ್ಲಿ ಹೋದವರಿಗೆ, ಸುಮ್ಮನೆ ಮಾತಾಡಲು ಹೋದರೆ ಬೈಸಿಕೊಂಡು ಬರುತ್ತೀರಿ ಎಂದು ಮೊದಲೇ ಎಚ್ಚರಿಸುತ್ತಾನೆ. ಅದೇನೂ ಸುಳ್ಳಲ್ಲ. ದೊಡ್ಡಯ್ಯನಿಗೆ ಅರವತ್ತೇಳು ವರ್ಷ, ಕಿವಿ ಚುರುಕು, ಕಣ್ಣು ಅದಕ್ಕಿಂತ ಚುರುಕು, ಬಾಯಿ ಇವೆರಡಕ್ಕಿಂತ ಚುರುಕು.

ಪಿಂಗಾಣಿ ಎಂದರೆ ಬಿದ್ದರೆ ಚೂರಾಗುವ ಬಸಿ ಕಪ್ಪು ಅಲ್ಲ. ಒಳಗೆ ತಗಡು, ಮೇಲೆ ಗಾಜಿನ ಹೊದಿಕೆ, ಬಿಳಿ ಮೈಗೆ ನೀಲಿ ಅಂಚು. ಒಂದು ಕಾಲದಲ್ಲಿ ಎಲ್ಲರ ಮನೆಯಲ್ಲೂ ಇದ್ದ ತಟ್ಟೆ, ಬೋಸಿ, ಲೋಟ. ಎನಾಮಲ್ ಎಂದು ಅಂಗಡಿಯವರು ಹೇಳುತ್ತಾರೆ, ನಮ್ಮ ಕಡೆ ಅದಕ್ಕೂ ಪಿಂಗಾಣಿ ಎಂದೇ ಹೆಸರು. ಅದು ಬಿದ್ದರೆ ಒಡೆಯುವುದಿಲ್ಲ, ಚಕ್ಕೆ ಏಳುತ್ತದೆ. ಚಕ್ಕೆ ಎದ್ದ ಕಡೆ ತಗಡು ಕಾಣಿಸುತ್ತದೆ, ತಗಡು ಕಂಡ ಕಡೆ ತುಕ್ಕು ಹತ್ತುತ್ತದೆ, ತುಕ್ಕು ಹತ್ತಿದ ಕಡೆ ಒಂದು ದಿನ ತೂತಾಗುತ್ತದೆ. ಅಷ್ಟರೊಳಗೆ ಸ್ಟೀಲು ಬಂತು, ಜನ ಇವನ್ನೆಲ್ಲ ಅಟ್ಟಕ್ಕೆ ಹಾಕಿ ಮರೆತರು.

ದೊಡ್ಡಯ್ಯ ಈ ಕೆಲಸ ಕಲಿತದ್ದು ಪಾತ್ರೆಯಿಂದ ಅಲ್ಲ, ಲಾರಿಯಿಂದ. ಹದಿನಾಲ್ಕನೇ ವಯಸ್ಸಿಗೆ ಊರು ಬಿಟ್ಟು ಈರುಳ್ಳಿ ಲಾರಿ ಹತ್ತಿ ಗುಂಡ್ಲುಪೇಟೆಗೆ ಬಂದವನು, ಲಾರಿಗಳಿಗೆ ಬಣ್ಣ ಹೊಡೆಯುವ ಶೆಡ್ಡಿನಲ್ಲಿ ನಲವತ್ತು ವರ್ಷ ಮೈ ಮುರಿದು ದುಡಿದ. ನೆಗ್ಗಿದ ಕಡೆ ಪುಟ್ಟಿ ಮೆತ್ತುವುದು, ಉಜ್ಜುವುದು, ಮತ್ತೆ ಮೆತ್ತುವುದು, ಬಣ್ಣ ಕೂಡಿಸುವುದು. ಎಲ್ಲಕ್ಕಿಂತ ಹೆಚ್ಚಾಗಿ ಹೆಸರು ಬರೆಯುವುದು. ಕೇರಳಕ್ಕೆ ತರಕಾರಿ ಹೊತ್ತು ಘಾಟಿ ಇಳಿಯುವ ಎಷ್ಟೋ ಲಾರಿಗಳ ಹಣೆಯ ಮೇಲೆ ಅವನ ಅಕ್ಷರ ಇತ್ತು. ಮಾಲೀಕರ ದೇವರ ಹೆಸರು, ಮಾಲೀಕರ ತಾಯಿಯ ಹೆಸರು, ಮಾಲೀಕರ ಮಕ್ಕಳ ಹೆಸರು. ಗೆರೆ ಎಳೆದುಕೊಳ್ಳದೆ ಬರೆಯುತ್ತಿದ್ದ, ಒಂದಕ್ಷರ ಮೇಲೆ ಹೋಗುತ್ತಿರಲಿಲ್ಲ, ಒಂದಕ್ಷರ ಕೆಳಗೆ ಬರುತ್ತಿರಲಿಲ್ಲ.

ಬಣ್ಣದ ಹೊಗೆ ಎದೆಗೆ ಕೂತು, ಇನ್ನು ಶೆಡ್ಡಿನ ಕಡೆ ತಲೆ ಹಾಕಬೇಡ ಎಂದು ಡಾಕ್ಟರು ಹೇಳಿದ ಮೇಲೆ ಆರು ತಿಂಗಳು ಮನೆಯಲ್ಲಿ ಕೂತ. ಆ ಆರು ತಿಂಗಳ ಕಥೆ ಅವನ ಹೆಂಡತಿ ಬಸವಮ್ಮನನ್ನು ಕೇಳಬೇಕು. ಸಾರಿಗೆ ಉಪ್ಪು ಜಾಸ್ತಿ, ಬಾಗಿಲು ಕಿರ್ರೆನ್ನುತ್ತದೆ, ಪಕ್ಕದ ಮನೆ ಗುರುಮಲ್ಲಮ್ಮ ಯಾಕೆ ಅಷ್ಟು ಜೋರಾಗಿ ಕೆಮ್ಮುತ್ತಾಳೆ ಎಂದು ಎದ್ದರೂ ತಕರಾರು, ಕೂತರೂ ತಕರಾರು. ತಲೆ ಚಿಟ್ಟು ಹಿಡಿದ ಬಸವಮ್ಮ ಒಂದು ದಿನ ಅಟ್ಟದಿಂದ ತನ್ನ ಮದುವೆಯ ಕಾಲದ ಪಿಂಗಾಣಿ ಬೋಸಿ ಇಳಿಸಿ ಅವನ ಮುಂದೆ ಧಡ್ಡನೆ ಇಟ್ಟಳು. ಇದನ್ನಾದರೂ ಸರಿಮಾಡು, ನನ್ನ ಪ್ರಾಣ ತಿನ್ನಬೇಡ ಎಂದಳು. ನಾಲ್ಕು ದಿನ ಅವನ ಬಾಯಿಂದ ಒಂದು ಮಾತು ಹೊರಡಲಿಲ್ಲ. ಐದನೇ ದಿನ ಬೋಸಿಯ ಹೊರಮೈಯಲ್ಲಿ ಚಕ್ಕೆ ಎದ್ದಿದ್ದ ಜಾಗ ಎಲ್ಲಿತ್ತೆಂದು ಬಸವಮ್ಮ ಹುಡುಕಬೇಕಾಯಿತು.

ಅಲ್ಲಿಂದ ಶುರುವಾಯಿತು. ಮೊದಲು ಗುರುಮಲ್ಲಮ್ಮನ ಡಬ್ಬ, ಆಮೇಲೆ ಬೀದಿಯವರದ್ದು, ಆಮೇಲೆ ಕಾಡಂಚಿನ ರೆಸಾರ್ಟಿನವರದ್ದು. ನಾವು ನಾಯಿಗೆ ಅನ್ನ ಹಾಕುತ್ತಿದ್ದ ಪಿಂಗಾಣಿ ಲೋಟದಲ್ಲಿ ಈಗ ಪಟ್ಟಣದವರು ಹುಲಿ ನೋಡಿ ಬಂದು ಕಾಫಿ ಕುಡಿಯುತ್ತಾರೆ, ಅದಕ್ಕೆ ದುಡ್ಡೂ ಕೊಡುತ್ತಾರೆ. ನಗಬೇಡಿ, ದೊಡ್ಡಯ್ಯ ಬೇಕಾದಷ್ಟು ನಕ್ಕಾಗಿದೆ.

ಅವನ ಕೆಲಸ ನಿಧಾನ. ಮೊದಲು ಪಾತ್ರೆಯನ್ನು ಹುಣಿಸೆಹಣ್ಣಿನ ನೀರಿನಲ್ಲಿ ನೆನೆಹಾಕುತ್ತಾನೆ, ತುಕ್ಕು ಸಡಿಲವಾಗಬೇಕು. ಆಮೇಲೆ ನುಣುಪಾದ ಉಪ್ಪುಕಾಗದದಲ್ಲಿ ತಿಕ್ಕಿ, ತಗಡು ಬೆಳ್ಳಗೆ ಹೊಳೆದ ಮೇಲೆ ಬಿಸಿಲಿಗೆ ಇಡುತ್ತಾನೆ. ಎರಡು ಬಗೆಯ ಮುದ್ದೆ ಬೆರೆಸಿ ಮಾಡುವ ಅಂಟನ್ನು ತೆಳ್ಳಗೆ ಮೆತ್ತಿ, ಒಣಗಿಸಿ, ಉಜ್ಜಿ, ಮತ್ತೆ ಮೆತ್ತುತ್ತಾನೆ. ಕೊನೆಗೆ ಬಣ್ಣ. ಬಿಳಿ ಎಂದರೆ ಒಂದೇ ಬಣ್ಣ ಎಂದುಕೊಂಡವರು ಅವನ ಪಕ್ಕ ಒಂದು ಗಂಟೆ ಕೂರಬೇಕು. ಹಳೆಯ ತಟ್ಟೆಯ ಬಿಳಿಗೆ ಸಾಸಿವೆ ಕಾಳಿನಷ್ಟು ಹಳದಿ ಬೇಕು, ಒಲೆಯ ಹೊಗೆ ಕುಡಿದದ್ದಕ್ಕೆ ಒಂದು ಹನಿ ಕಪ್ಪು ಬೇಕು. ಅದೆಲ್ಲ ಅವನಿಗೆ ಕಣ್ಣಳತೆ.

ಆದರೆ ಒಂದು ಮಾತಿನಲ್ಲಿ ಅವನು ಬಲು ಖಡಕ್ಕು. ಹೊರಗಿನ ಚಕ್ಕೆ ಎಷ್ಟು ಬೇಕಾದರೂ ತನ್ನಿ, ಒಳಗಿನ ಚಕ್ಕೆ ಅವನು ಮುಟ್ಟುವುದಿಲ್ಲ. ಅನ್ನ ಬೀಳುವ ಜಾಗಕ್ಕೆ ಅಂಟೂ ಇಲ್ಲ, ಬಣ್ಣವೂ ಇಲ್ಲ. ಹೊದಿಕೆ ಎಂದರೆ ಗಾಜು, ಒಮ್ಮೆ ಬಿರುಕು ಬಿಟ್ಟರೆ ಚೂರು ಉದುರುತ್ತಲೇ ಇರುತ್ತದೆ. ಅದರ ಮೇಲೆ ಬಣ್ಣ ಹಚ್ಚಿದರೆ ಕಣ್ಣಿಗೆ ಚೆಂದ, ಹೊಟ್ಟೆಗೆ ವಿಷ. ಅಂಥ ಪಾತ್ರೆಯಲ್ಲಿ ಈರುಳ್ಳಿ ಹಾಕಿಡಿ, ಹೂವಿನ ಗಿಡ ನೆಡಿ, ಉಣ್ಣಲು ಮಾತ್ರ ಕೂಡದು ಎಂದು ವಾಪಸು ಕಳಿಸುತ್ತಾನೆ. ರೆಸಾರ್ಟಿನ ಮ್ಯಾನೇಜರು ಒಮ್ಮೆ, ಯಾರಿಗೂ ಗೊತ್ತಾಗಲ್ಲ ಹಚ್ಚಿ ಕೊಡಿ ಎಂದು ಗೋಗರೆದಾಗ, ಅವನ ಹನ್ನೆರಡು ಲೋಟಗಳನ್ನೂ ಚೀಲಕ್ಕೆ ತುಂಬಿ ಜೀಪಿನವರೆಗೂ ಹೊತ್ತು ಹಾಕಿ ಬಂದಿದ್ದ. ಅಷ್ಟು ಸಿಟ್ಟು ಯಾಕೆ ಎಂದು ಬಸವಮ್ಮನೂ ಕೇಳಿರಲಿಲ್ಲ. ಗಂಡನ ಕೋಪಕ್ಕೆಲ್ಲ ಕಾರಣ ಹುಡುಕುತ್ತಾ ಕೂತರೆ ಮನೆಯ ಕೆಲಸ ಆಗಬೇಕಲ್ಲ.

ಹೀಗಿರುವಾಗ ಕಳೆದ ಮಾಘಮಾಸದ ಒಂದು ಸೋಮವಾರ ಸಂಜೆ ಶಿವರಂಜನಿ ಎಂಬ ಹುಡುಗಿ ಬಂದಳು. ಗುಂಡ್ಲುಪೇಟೆಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ಇಲ್ಲೇ ರೂಮು ಮಾಡಿಕೊಂಡಿದ್ದಾಳೆ. ಹಣೆಯಲ್ಲಿ ಸಣ್ಣದಾಗಿ ವಿಭೂತಿ, ಕೈಯಲ್ಲಿ ಹಳೆಯ ಟವೆಲಿನಲ್ಲಿ ಸುತ್ತಿದ ಗಂಟು. ಜಗುಲಿ ಮೇಲೆ ಕೂತಳು. ಬಸವಮ್ಮ ಟೀ ಕೊಟ್ಟರೆ ಎರಡು ಕೈಯಲ್ಲೂ ಹಿಡಿದು ಊದಿ ಊದಿ ಕುಡಿದಳು. ಕಪ್ಪಿನ ತಳ ನೋಡುವವರೆಗೂ ಕುಡಿದದ್ದನ್ನು ದೊಡ್ಡಯ್ಯ ಗಮನಿಸಿದ, ಹುಡುಗಿ ಅವನಿಗೆ ಹಿಡಿಸಿದಳು.

ಗಂಟು ಬಿಚ್ಚಿದಳು. ನೀಲಿ ಅಂಚಿನ ಬಿಳಿ ತಟ್ಟೆ. ಅಂಚಿನಲ್ಲಿ ಮೂರು ಕಡೆ ಚಕ್ಕೆ, ಒಂದು ಕಡೆ ತುಕ್ಕು ತಿಂದು ತಗಡೇ ಹಲ್ಲು ಹಲ್ಲಾಗಿತ್ತು. ಒಳಗೆ ನಟ್ಟ ನಡುವೆ ಎರಡು ಬೆರಳಗಲ ಕಪ್ಪಗೆ ಎದ್ದಿತ್ತು. ತಟ್ಟೆಯ ಕಥೆಯನ್ನು ಅವಳೇ ಉತ್ಸಾಹದಿಂದ ಹೇಳಿದಳು. ಇದು ಅವಳ ಅಜ್ಜಿಯ ತಟ್ಟೆ. ಅಜ್ಜಿಗೆ ಈಗ ಎಂಬತ್ತೈದು. ಈ ಭಾನುವಾರ ಮಕ್ಕಳು, ಮೊಮ್ಮಕ್ಕಳು ಎಲ್ಲ ಊರಲ್ಲಿ ಸೇರುತ್ತಾರೆ, ಅಜ್ಜಿಗೆ ಈ ತಟ್ಟೆಯಲ್ಲೇ ಊಟ ಬಡಿಸಬೇಕೆಂದು ಅವಳ ಆಸೆ. ಬಚ್ಚಲುಮನೆ ಕಟ್ಟಿಸಲು ಹಿತ್ತಲ ಗೋಡೆ ಕೆಡವಿದಾಗ ಅಲ್ಲಿನ ಗೂಡಿನಲ್ಲಿ ಸಿಕ್ಕಿತಂತೆ. ಅವಳು ಚಿಕ್ಕವಳಿದ್ದಾಗ ಅದೇ ಗೂಡಿನಲ್ಲಿ ಈ ತಟ್ಟೆ ನೋಡಿದ್ದಳು. ಮಕ್ಕಳು ಯಾರಾದರೂ ಅದಕ್ಕೆ ಕೈ ಹಾಕಿದರೆ ಅಜ್ಜಿ ಎಲ್ಲಿದ್ದರೂ ಕೂಗಿಕೊಳ್ಳುತ್ತಿದ್ದರು.

“ಮನೇಲಿ ಬೆಳ್ಳಿ ತಟ್ಟೆ ಮುಟ್ಟಿದ್ರೂ ಏನೂ ಅಂತಿರ್ಲಿಲ್ಲ ತಾತ, ಇದನ್ನ ಮಾತ್ರ ಯಾರೂ ಮುಟ್ಟೋ ಹಾಗಿರ್ಲಿಲ್ಲ. ಅಷ್ಟು ಜೋಪಾನ ಮಾಡಿದ್ರು” ಎಂದಳು.

ಯಾವ ಊರವ್ವ ನಿಮ್ಮದು ಎಂದು ದೊಡ್ಡಯ್ಯ ಕೇಳಿದ. ಚಂದಕವಾಡಿ ಎಂದಳು. ಯಾರ ಮನೆ ಎಂದ. ಸಿದ್ದಮಲ್ಲಪ್ಪನವರ ಮನೆ, ತಾತ ಹೋಗಿ ಹನ್ನೆರಡು ವರ್ಷ ಆಯಿತು, ಅಜ್ಜಿಯ ಹೆಸರು ದೊಡ್ಡಮಲ್ಲಮ್ಮ ಎಂದಳು.

ದೊಡ್ಡಯ್ಯ ತಟ್ಟೆಯನ್ನು ನಿಧಾನವಾಗಿ ಮಗುಚಿದ. ಹಿಂಭಾಗದ ನಡುಮಧ್ಯೆ, ಒತ್ತೊತ್ತಾಗಿ, ಮೊಳೆಯಿಂದ ಕುಟ್ಟಿದ ಎರಡು ಗುರುತು. ಆ ಗುರುತು ಕುಟ್ಟಿದ್ದು ಅವನೇ, ಒಂಬತ್ತು ವರ್ಷದವನಾಗಿದ್ದಾಗ. ಅದು ದೊಡ್ಡಮಲ್ಲಮ್ಮನವರ ತಟ್ಟೆಯಲ್ಲ. ಅವನ ಅವ್ವನ ತಟ್ಟೆ.

ಶನಿವಾರ ಬನ್ನಿ ಎಂದು ಅಷ್ಟೇ ಹೇಳಿ ಹುಡುಗಿಯನ್ನು ಕಳಿಸಿದ.

ಅವನ ಅವ್ವ ಆ ಮನೆಯ ಆಳು. ಬೆಳಗಾದರೆ ಕೇರಿಯಿಂದ ಹೊರಟು, ಕೊಟ್ಟಿಗೆ ಬಾಚಿ, ಸಗಣಿ ಹೊತ್ತು, ಹೊಲಕ್ಕೆ ಹೋಗಿ ಕಳೆ ಕಿತ್ತು, ಹೊತ್ತು ನೆತ್ತಿಗೇರಿದಾಗ ಹಿತ್ತಲಿಗೆ ಬಂದು ನಿಲ್ಲುತ್ತಿದ್ದಳು. ಹಿತ್ತಲ ಗೋಡೆಯ ಗೂಡಿನಲ್ಲಿ ಮೂವರು ಆಳುಗಳಿಗೆ ಮೂರು ಪಿಂಗಾಣಿ ತಟ್ಟೆ. ತಾವೇ ತೆಗೆದುಕೊಂಡು ನೆಲದ ಮೇಲಿಟ್ಟು ದೂರ ಸರಿಯಬೇಕು. ಮನೆಯವರು ಮೇಲಿನಿಂದ ಮುದ್ದೆ ಹಾಕುತ್ತಾರೆ, ಸಾರು ಬಿಡುತ್ತಾರೆ. ತಿಪ್ಪೆಯ ಮಗ್ಗುಲಲ್ಲಿ ಕೂತು ಉಂಡು, ತೊಳೆದು, ಮತ್ತೆ ಗೂಡಿಗಿಟ್ಟು ಹೋಗಬೇಕು. ಮೂರೂ ಒಂದೇ ಥರದ ತಟ್ಟೆ, ಯಾವುದು ಯಾರದೆಂದು ದಿನಾ ಜಗಳ. ಅವ್ವನ ಜೊತೆ ಒಂದು ಬೆಳಗ್ಗೆ ಹೋಗಿದ್ದ ಹುಡುಗ ದೊಡ್ಡಯ್ಯನಿಗೆ ಭಾರೀ ಬುದ್ಧಿ ಬಂತು. ನೇಗಿಲ ಮೊಳೆ, ಒಂದು ಕಲ್ಲು, ಹಿಂಭಾಗಕ್ಕೆ ಟಣ್ ಟಣ್ ಎಂದು ಎರಡೇಟು. ಅವ್ವನ ತಟ್ಟೆಗೆ ಗುರುತಾಯಿತು ಎಂದು ಬೀಗಿದ. ಹಿಂದಿನಿಂದ ಹೊಡೆದರೆ ಮುಂದಿನ ಗಾಜು ಬಿರುಕು ಬಿಡುತ್ತದೆ ಎಂಬುದು ಅವನಿಗೆ ಗೊತ್ತಾಗುವಷ್ಟರಲ್ಲಿ ಲಾರಿ ಶೆಡ್ಡು, ಮದುವೆ, ಮಗಳು ಮೇಘನಾಳ ಮದುವೆ ಎಲ್ಲ ಮುಗಿದಿತ್ತು.

ಅವನು ಕುಟ್ಟಿದ ಕೆಲವೇ ದಿನಕ್ಕೆ ಅವ್ವ ಒಂದು ಸಂಜೆ ಬಾಯಿಗೆ ಸೆರಗು ಒತ್ತಿಕೊಂಡು ಮನೆಗೆ ಬಂದಳು. ಸೆರಗಿನಲ್ಲಿ ರಕ್ತ. ನಾಲಗೆ ಕಚ್ಚಿಕೊಂಡೆ ಎಂದಳು. ಅವತ್ತೂ ಸೆರಗಿನ ಇನ್ನೊಂದು ತುದಿಯಲ್ಲಿ ಮಗನಿಗೆ ಮುದ್ದೆ ಕಟ್ಟಿ ತಂದಿದ್ದಳು. ದಿನಾ ತರುತ್ತಿದ್ದಳು. ಎರಡು ಕೊಟ್ಟರು ಕಣ್ಲಾ, ನಾನೊಂದು ಉಂಡೆ, ಇದು ನಿಂದು ಎನ್ನುತ್ತಿದ್ದಳು. ಅವಳು ಹೋದದ್ದು ಅವನು ಊರು ಬಿಟ್ಟ ವರ್ಷ. ಒಂದು ಫೋಟೋ ಕೂಡ ಇಲ್ಲ.

ಅನ್ನ ಬೀಳುವ ಜಾಗವನ್ನು ಮುಟ್ಟುವುದಿಲ್ಲ ಎಂಬ ಅವನ ಖಡಕ್ಕು ಎಲ್ಲಿಂದ ಬಂತು ಎಂದು ಬಸವಮ್ಮನಿಗೆ ಆ ಸೋಮವಾರ ಅವನೇ ಹೇಳಿ ತಿಳಿಯಿತು. ಮದುವೆಯಾಗಿ ನಲವತ್ತು ವರ್ಷದ ಮೇಲೆ. ಅವಳು ತಟ್ಟೆಯನ್ನು ಒಮ್ಮೆ ನೋಡಿ, ಅದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡ, ನಾಳೆಯೇ ವಾಪಸು ಕೊಟ್ಟು ಬಾ ಎಂದಳು. ಅವನು ಕೇಳಲಿಲ್ಲ. ಆಗ ಅವಳಿಗೆ ರೇಗಿತು.

“ನೀನು ಚೆಂದಾಗಿ ಮಾಡ್ಕೊಟ್ರೆ ಅವ್ರು ಅದ ಅಜ್ಜಿ ತಟ್ಟೆ ಅಂತ ಎಲ್ರಿಗೂ ತೋರ್ಸ್ಕಂಡು ಓಡಾಡ್ತರೆ. ನಿಮ್ಮವ್ವ ತಿಪ್ಪೆ ಪಕ್ಕ ಕೂತ್ಕಂಡು ಉಂಡಿದ್ದೂ ಅಳ್ಸೋಯ್ತದೆ. ಯೋಳ್ಬುಡು ಆ ಹುಡ್ಗಿಗೆ” ಎಂದಳು.

ಹೇಳುವುದೇನೋ ಸರಿ. ಹೇಗೆ ಹೇಳುವುದು? ಆ ಹುಡುಗಿ ಏನು ತಪ್ಪು ಮಾಡಿದ್ದಾಳೆ? ಅಜ್ಜಿಯ ಮೇಲಿನ ಪ್ರೀತಿಯಿಂದ ಓಡಿ ಬಂದಿದ್ದಾಳೆ, ಅವನ ಜಗುಲಿಯಲ್ಲಿ ಕೂತು ಟೀ ಕುಡಿದಿದ್ದಾಳೆ. ಸುಮ್ಮನಿದ್ದರೆ ಅವ್ವನಿಗೆ ದ್ರೋಹ, ಬಾಯಿ ಬಿಟ್ಟರೆ ಹುಡುಗಿಯ ಭಾನುವಾರ ಮಣ್ಣುಪಾಲು. ದೊಡ್ಡಯ್ಯನಿಗೆ ಮಂಗಳವಾರ ಊಟ ಸೇರಲಿಲ್ಲ, ಬುಧವಾರ ಬಸವಮ್ಮನ ಮೇಲೆ ಎರಡು ಸಲ ಹರಿಹಾಯ್ದ. ಗುರುಮಲ್ಲಮ್ಮ ಕೆಮ್ಮುವುದನ್ನೇ ನಿಲ್ಲಿಸಿದಳು.

ಕೆಲಸ ಮಾತ್ರ ಬಿಡಲಿಲ್ಲ. ತಟ್ಟೆಯನ್ನು ಹುಣಿಸೆ ನೀರಿಗೆ ಹಾಕಿದ. ಅಂಚಿನ ತುಕ್ಕನ್ನು ಉಜ್ಜುವಾಗ ಕೈ ತಾನಾಗಿ ಹಗುರವಾಯಿತು. ಹಲ್ಲಾಗಿದ್ದ ತಗಡಿನ ಅಂಚಿಗೆ ಎಳೆ ಎಳೆಯಾಗಿ ಅಂಟು ಕೂಡಿಸಿ ಮತ್ತೆ ದುಂಡಗೆ ತಂದ. ನೀಲಿಗೆ ನೀಲಿ ಸೇರಿಸಲು ಇಡೀ ಗುರುವಾರ ಹಿಡಿಯಿತು. ಆ ನೀಲಿಯನ್ನು ಅವನು ನೆನಪಿನಿಂದಲೇ ಕೂಡಿಸಿದ ಎಂದರೂ ತಪ್ಪಿಲ್ಲ. ಹಿಂಭಾಗದ ಎರಡು ಗುರುತನ್ನು ಮುಚ್ಚಲಿಲ್ಲ. ಒಳಗಿನ ಕಪ್ಪು ಜಾಗವನ್ನೂ ಮುಟ್ಟಲಿಲ್ಲ.

ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟವಳೇ ಶಿವರಂಜನಿ ನೇರವಾಗಿ ಬಂದಳು. ಅಂಚು ನೋಡಿ ಅವಳ ಮುಖ ಅರಳಿತು, ಬೆರಳಿನಿಂದ ಸುತ್ತಲೂ ಸವರಿದಳು. ಆಮೇಲೆ ನಡುವಿನ ಕಪ್ಪು ಕಂಡಿತು. ಇದು ಯಾಕೆ ಹೀಗೇ ಇದೆ ಎಂದು ಕೇಳಿದಳು. ದೊಡ್ಡಯ್ಯ ತನ್ನ ನಿಯಮ ಹೇಳಿದ. ಅನ್ನ ಬೀಳುವ ಜಾಗ ಒಡೆದ ಮೇಲೆ ಆ ತಟ್ಟೆಯಲ್ಲಿ ಯಾರೂ ಉಣ್ಣಕೂಡದು, ಗಾಜಿನ ಚೂರು ಬಾಯಿಗೆ ಹೋಗುತ್ತದೆ, ನಾಳೆ ಅಜ್ಜಿಗೆ ಇದರಲ್ಲಿ ಬಡಿಸಬೇಡಿ ಎಂದ.

ಹುಡುಗಿ ಪಟ್ಟು ಬಿಡಲಿಲ್ಲ. ಒಂದೇ ಒಂದು ಹೊತ್ತಿಗೆ ತಾತ, ಮೇಲೆ ಒಂಚೂರು ಬಣ್ಣ ಹಚ್ಚಿಕೊಡಿ, ಬೇಕಾದರೆ ಬಾಳೆ ಎಲೆ ಕತ್ತರಿಸಿ ಹಾಸುತ್ತೇನೆ ಎಂದಳು. ಊರಿಗೆ ಫೋನ್ ಮಾಡಿ ಎಲ್ಲರಿಗೂ ಹೇಳಿಬಿಟ್ಟಿದ್ದೇನೆ, ಅಜ್ಜಿಗೆ ಮಾತ್ರ ಹೇಳಿಲ್ಲ ಎಂದಳು. ದೊಡ್ಡಯ್ಯ ತಲೆ ಅಲ್ಲಾಡಿಸಿದ. ಕೊನೆಗೆ ಅವಳು, “ಇಷ್ಟು ವರ್ಷ ಅಜ್ಜಿ ಇದ್ರಲ್ಲೇ ಉಂಡಿದಾರಲ್ಲ ತಾತ, ಅವ್ರಿಗೇನೂ ಆಗ್ಲಿಲ್ವಲ್ಲ?” ಎಂದಳು.

ಐದು ದಿನದಿಂದ ತಡೆದಿಟ್ಟಿದ್ದ ಮಾತು ತಾನಾಗಿ ಬಂತು.

“ಇದ್ರಲ್ಲಿ ಉಂಡೋಳು ನಿಮ್ಮಜ್ಜಿ ಅಲ್ಲ ಕಣವ್ವ. ನಮ್ಮವ್ವ.”

ಬಸವಮ್ಮ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ದೊಡ್ಡಯ್ಯ ತಟ್ಟೆ ಮಗುಚಿ ಎರಡು ಗುರುತು ತೋರಿಸಿದ. ಗೂಡು, ಮೂರು ತಟ್ಟೆ, ಮೇಲಿನಿಂದ ಬೀಳುವ ಮುದ್ದೆ, ತಿಪ್ಪೆಯ ಮಗ್ಗುಲು, ಮೊಳೆ, ಕಲ್ಲು, ಸೆರಗಿನ ರಕ್ತ. ಬೈಯಲಿಲ್ಲ, ದನಿ ಏರಿಸಲಿಲ್ಲ, ಒಂದಾದ ಮೇಲೊಂದು ಹೇಳಿದ. ಯಾಕೆ ಯಾರೂ ಮುಟ್ಟುವ ಹಾಗಿರಲಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳುವ ಅಗತ್ಯ ಬೀಳಲಿಲ್ಲ. ಹುಡುಗಿಯ ಮುಖದ ಬಣ್ಣ ಅಲ್ಲೇ ಇಳಿದುಹೋಗಿತ್ತು.

ಅವಳು ಅತ್ತರೆ ಏನು ಮಾಡುವುದು ಎಂದು ದೊಡ್ಡಯ್ಯನಿಗೆ ದಿಗಿಲು. ಅವಳು ಅಳಲಿಲ್ಲ. ನಂಬಲೂ ಆಗದೆ, ನಂಬದೆ ಇರಲೂ ಆಗದೆ ಫೋನ್ ತೆಗೆದು ಊರಿಗೆ ಹಚ್ಚಿದಳು. ಯಾರೋ ಎತ್ತಿದರು, ಅಜ್ಜಿಗೆ ಕೊಡಿ ಎಂದಳು. ಅಜ್ಜಿಗೆ ಕಿವಿ ಮಂದ, ಫೋನಿನಲ್ಲಿ ಕೂಗಿ ಮಾತಾಡುವ ಅಭ್ಯಾಸ. ಸ್ಪೀಕರ್ ಹಾಕದಿದ್ದರೂ ಆ ದನಿ ಬೀದಿಗೆ ಕೇಳುತ್ತಿತ್ತು, ಆದರೂ ಹುಡುಗಿ ಹಾಕಿದಳು. ಐವತ್ತು ವರ್ಷದ ಮೇಲೆ ಆ ದನಿ ಕಿವಿಗೆ ಬಿದ್ದದ್ದೇ ದೊಡ್ಡಯ್ಯ ತನಗೆ ಗೊತ್ತಿಲ್ಲದೆ ಎದ್ದು ನಿಂತಿದ್ದ. ನಿಂತದ್ದು ಅರಿವಾಗಿ, ತನ್ನ ಮೇಲೇ ಸಿಟ್ಟು ಬಂದು ಮತ್ತೆ ಕೂತ.

ಹಿತ್ತಲ ಗೂಡಿನಲ್ಲಿ ಒಂದು ಪಿಂಗಾಣಿ ತಟ್ಟೆ ಇತ್ತಲ್ಲ, ಹಿಂದೆ ಎರಡು ಗುರುತು ಕುಟ್ಟಿದ್ದು, ಅದು ಯಾರದು ಅಜ್ಜಿ ಎಂದು ಹುಡುಗಿ ಕೇಳಿದಳು.

“ಅದಾ? ಪುಟ್ಟಮಾದಿದು” ಎಂದಿತು ಫೋನು, ನಿನ್ನೆ ಮೊನ್ನೆಯ ಮಾತಿನಂತೆ. “ಅದ ಮುಟ್ಟಬ್ಯಾಡ ಕಣಮ್ಮಿ. ಎಲ್ಲದೋ ಅಲ್ಲೇ ಇರ್ಲಿ.”

ಶಿವರಂಜನಿ ಕಣ್ಣು ಮುಚ್ಚಿಕೊಂಡಳು. ತಟ್ಟೆ ಅವಳ ಮಡಿಲಲ್ಲೇ ಇತ್ತು. ಮುದುಕಿಗೆ ಮಾತಿನ ದಾರ ಸಿಕ್ಕಿತ್ತು, ಯಾರೂ ಕೇಳದಿದ್ದರೂ ಹೇಳುತ್ತಾ ಹೋಯಿತು. ಪುಟ್ಟಮಾದಿ ಒಳ್ಳೆಯ ಹೆಂಗಸು, ಕೆಲಸಗೇಡಿಯಲ್ಲ, ಒಂದು ದಿನ ಎದುರು ಮಾತಾಡಿದವಳಲ್ಲ. “ಆಳ್ಗೆ ಒಂದು ಮುದ್ದೆ ಕೊಡೋವು. ಅವ್ಳು ಅದ್ರಲ್ಲಿ ಅರ್ಧ ಉಂಡು ಅರ್ಧ ಸೆರಗ್ನಲ್ಲಿ ಕಟ್ಕಳಳು. ಒಂದು ಹೈದ ಇತ್ತು ಅವ್ಳಿಗೆ, ದೊಡ್ಡ ಅಂತ. ಇನ್ನೊಂದು ಮುದ್ದೆ ಹಾಕ್ಬುಡನ ಅಂತ ಎಷ್ಟೋ ಸಲ ಅನ್ನಿಸ್ತು ಕಣಮ್ಮಿ. ಅತ್ತೆ ನೋಡ್ತಾರೆ ಅಂತ ಹಾಕ್ಲಿಲ್ಲ.”

ಎರಡು ಕೊಟ್ಟರು ಕಣ್ಲಾ, ನಾನೊಂದು ಉಂಡೆ. ದೊಡ್ಡಯ್ಯ ಅದನ್ನು ಅರವತ್ತು ವರ್ಷ ನಂಬಿಕೊಂಡಿದ್ದ. ಕೊಟ್ಟದ್ದು ಒಂದೇ. ತಂದದ್ದು ಅದರಲ್ಲಿ ಅರ್ಧ, ದಾರಿಯಲ್ಲಿ ಮತ್ತೆ ದುಂಡಗೆ ಕಟ್ಟಿ ಇಡೀ ಮುದ್ದೆಯ ಹಾಗೆ ಕಾಣುವಂತೆ ಮಾಡಿದ್ದು. ಅವ್ವ ಅರ್ಧ ಹೊಟ್ಟೆಯಲ್ಲಿ ಇಡೀ ಹೊಲದ ಕಳೆ ಕಿತ್ತಳು, ತಾನು ಅದು ಸಣ್ಣ ಮುದ್ದೆ ಎಂದು ಗೊಣಗಿಕೊಂಡು ತಿಂದ. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಹೋಗಲಿಲ್ಲ.

“ಆ ಹೈದ ಬದ್ಕದೋ ಏನೋ” ಎಂದಿತು ಫೋನು.

“ಇದಾರೆ ಅಜ್ಜಿ” ಎಂದಳು ಶಿವರಂಜನಿ. “ನನ್ನ ಎದುರಿಗೇ ಕೂತಿದಾರೆ. ನಾನು ಅವ್ರ ಮನೇಲಿದೀನಿ. ತಟ್ಟೆ ನನ್ನ ಕೈಲಿದೆ.”

ಆ ಕಡೆ ಹಿಂದೆ ಎಲ್ಲೋ ಕೋಳಿ ಕೂಗಿದ್ದು, ಪಾತ್ರೆ ಇಟ್ಟ ಶಬ್ದ ಕೇಳಿಸಿತು. ಮುದುಕಿ ಈ ಸಲ ಕೂಗದೆ, ಏನು ಬೇಕಂತೆ ಅವನಿಗೆ ಎಂದು ಕೇಳಿದಳು.

ಬಸವಮ್ಮ ಗಂಡನ ಮುಖ ನೋಡಿದಳು. ಐದು ದಿನದಿಂದ ಅವನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಮಾತುಗಳಿಗೆ ಲೆಕ್ಕವಿಲ್ಲ, ಒಂದೊಂದೂ ಚಾಟಿ ಏಟಿನಂಥವು. ಅವನ್ನೆಲ್ಲ ಬಿಟ್ಟು ಅವನು ಫೋನಿನ ಹತ್ತಿರಕ್ಕೆ ಬಗ್ಗಿದ.

“ತಟ್ಟೆ ರೆಡಿ ಆಗದೆ ಕಣವ್ವ” ಎಂದ. “ಹೆಸ್ರು ಬರಿಯೋದೊಂದು ಬಾಕಿ.”

ಫೋನು ಇಟ್ಟ ಮೇಲೆ ದೊಡ್ಡಯ್ಯ ಒಳಗೆ ಹೋಗಿ ಹಳೆಯ ಸಿಗರೇಟು ಡಬ್ಬ ತಂದ. ಅದರೊಳಗೆ ಲಾರಿಗೆ ಹೆಸರು ಬರೆಯುತ್ತಿದ್ದ ಕುಂಚ, ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟದ್ದು. ನೀಲಿ ಇನ್ನೂ ಮಿಕ್ಕಿತ್ತು. ಹುಡುಗಿಯ ಮಡಿಲಿನಿಂದ ತಟ್ಟೆ ತೆಗೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡ. ಹಿಂದೆ ಬರೆಯುತ್ತಾನೆ ಎಂದು ಬಸವಮ್ಮ ಅಂದುಕೊಂಡಳು. ಅವನು ಮಗುಚಲಿಲ್ಲ. ಒಳಗಡೆ, ನಡುವಿನ ಕಪ್ಪು ಚಕ್ಕೆಯ ಕೆಳಗೆ, ಅನ್ನ ಬೀಳುವ ಜಾಗಕ್ಕೇ ಕುಂಚ ಊರಿದ.

ಅಲ್ಲಿಗೆ ಬಣ್ಣ ಹಾಕಲ್ಲ ಅಂತಿದ್ದೆಯಲ್ಲ ಎಂದು ಬಸವಮ್ಮ ಮೆಲ್ಲಗೆ ಕೇಳಿದಳು.

“ಇನ್ಮೇಲೆ ಇದ್ರಲ್ಲಿ ಯಾರೂ ಉಣ್ಬಾರ್ದು, ಅದ್ಕೇಯ” ಎಂದ ದೊಡ್ಡಯ್ಯ.

ಕಣ್ಣು ಮಂಜಾಗಿದ್ದರೂ ಗೆರೆ ಎಳೆದುಕೊಳ್ಳದೆ ಬರೆದ. ಎಷ್ಟೋ ಮಾಲೀಕರ ತಾಯಂದಿರ ಹೆಸರನ್ನು ಊರೂರಿಗೆ ಓಡಿಸಿದ ಅಕ್ಷರ. ಒಂದು ಮೇಲೆ ಹೋಗಲಿಲ್ಲ, ಒಂದು ಕೆಳಗೆ ಬರಲಿಲ್ಲ. ಪುಟ್ಟಮಾದಿ ಎಂದಲ್ಲ, ಪೂರ್ತಿಯಾಗಿ, ಪುಟ್ಟಮಾದಮ್ಮ.

ಶಿವರಂಜನಿ ಆ ಹೆಸರನ್ನು ಒಮ್ಮೆ ಗಟ್ಟಿಯಾಗಿ ಓದಿದಳು. ತಟ್ಟೆ ನಿಮ್ಮದು, ನೀವೇ ಇಟ್ಟುಕೊಳ್ಳಿ ತಾತ ಎಂದಳು. ದೊಡ್ಡಯ್ಯ ಬೇಡವೆಂದ. ಅವ್ವ ಅಲ್ಲೇ ಉಂಡವಳು, ಅಲ್ಲೇ ಇರಲಿ, ಆದರೆ ಹಿತ್ತಲಲ್ಲಿ ಬೇಡ, ನಡುಮನೆಯಲ್ಲಿ ಇಡಿ ಎಂದ. ನಾಳೆ ಅಜ್ಜಿಗೆ ಬಾಳೆ ಎಲೆಯಲ್ಲಿ ಬಡಿಸಿ, ಹೊಟ್ಟೆ ತುಂಬ ಬಡಿಸಿ ಎಂದೂ ಹೇಳಿದ. ನೀವೂ ಬನ್ನಿ ಎಂದು ಹುಡುಗಿ ಕರೆದಳು.

“ಯಾವ ಬಾಗ್ಲಿಂದ ಒಳಕ್ಕೆ ತಕ್ಕಂಡೋಯ್ತೀಯವ್ವ ಅದ?” ಎಂದು ಮಾತ್ರ ಕೇಳಿದ.

“ಮುಂದಿನ ಬಾಗಿಲಿಂದ” ಎಂದಳು ಶಿವರಂಜನಿ.

ಬಣ್ಣ ಒಣಗಲು ಇನ್ನೂ ಹೊತ್ತಿತ್ತು. ಬಸವಮ್ಮ ಮೂವರಿಗೂ ಟೀ ಇಟ್ಟಳು.